ಸಣ್ಣ ಅಪ್ಲಿಕೇಶನ್‌ಗೆ ಯಾವ ಡೇಟಾಬೇಸ್ ಎಡಿಷನ್? ಆರಿಸುವುದು ಹೀಗೆ

ಸಣ್ಣದೊಂದು ಬಿಲ್ಲಿಂಗ್ ಅಪ್ಲಿಕೇಶನ್ನೋ ಸ್ಟಾಕ್ ಲೆಕ್ಕದ್ದೋ ಬರೆಯಲು ಕೂತಾಗ ಡೇಟಾಬೇಸ್ ಬಗ್ಗೆ ಯಾರೂ ಜಾಸ್ತಿ ಯೋಚಿಸುವುದಿಲ್ಲ. ಕಂಪ್ಯೂಟರ್‌ನಲ್ಲಿ ಏನಿದೆಯೋ ಅದರಲ್ಲೇ ನಾಲ್ಕು ಟೇಬಲ್ ಮಾಡಿ ಕೋಡ್ ಶುರು ಮಾಡಿಬಿಡುತ್ತೇವೆ. ತೊಂದರೆ ಗೊತ್ತಾಗುವುದು ಅಪ್ಲಿಕೇಶನ್ ಬೇರೆಯವರ ಕಂಪ್ಯೂಟರ್‌ಗೆ ಹೋಗುವ ದಿನ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಎಡಿಷನ್ (ಒಂದೇ ಡೇಟಾಬೇಸ್ ಸಾಫ್ಟ್‌ವೇರ್‌ನ ಬೇರೆ ಬೇರೆ ರೂಪ) ಆರಿಸುವಾಗ ನಿಮ್ಮ ಕಂಪ್ಯೂಟರ್ ನೋಡಬೇಡಿ. ಅಪ್ಲಿಕೇಶನ್ ಹೋಗಿ ಕೂರುವ ಕಂಪ್ಯೂಟರ್ ನೋಡಿ.

ಹೆಜ್ಜೆ 1: ಒಂದೇ ಕಂಪ್ಯೂಟರಾ, ನಾಲ್ಕಾರಾ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಒಬ್ಬರೇ, ಒಂದೇ ಕಂಪ್ಯೂಟರ್‌ನಲ್ಲಿ ಬಳಸುವ ಅಪ್ಲಿಕೇಶನ್ ಆದರೆ ಎಸ್‌ಕ್ಯೂಎಲೈಟ್ ಸಾಕು. ಅದಕ್ಕೆ ಬೇರೆ ಸರ್ವರ್ ಬೇಡ, ಇನ್‌ಸ್ಟಾಲ್ ಬೇಡ, ಪಾಸ್‌ವರ್ಡ್ ಬೇಡ. ನಿಮ್ಮ ಪ್ರೋಗ್ರಾಂ ಒಳಗೇ ಕೂರುವ ಸಣ್ಣ ಲೈಬ್ರರಿ ಅದು, ಡೇಟಾ ಎಲ್ಲಾ ಒಂದೇ ಫೈಲಿನಲ್ಲಿ ಇರುತ್ತದೆ. 2000ದಲ್ಲಿ ಶುರುವಾದ ಇದರ ಕೋಡ್ ಪಬ್ಲಿಕ್ ಡೊಮೇನ್‌ನಲ್ಲಿದೆ, ಹಾಗಾಗಿ ಎಷ್ಟು ಜನಕ್ಕೆ ಬೇಕಾದರೂ ಹಂಚಬಹುದು, ಯಾರ ಅನುಮತಿಯೂ ಬೇಕಿಲ್ಲ. ಆದರೆ ಎರಡು ವಿಷಯ ನೆನಪಿರಲಿ. ಒಂದು ಸಲಕ್ಕೆ ಒಬ್ಬರು ಮಾತ್ರ ಬರೆಯಲು ಸಾಧ್ಯ. ಇನ್ನೊಂದು, ಫಾರಿನ್ ಕೀ ತಪಾಸಣೆ (ಒಂದು ಟೇಬಲ್‌ನ ಸಾಲು ಸೂಚಿಸುವ ಇನ್ನೊಂದು ಟೇಬಲ್‌ನ ಸಾಲು ನಿಜವಾಗಿ ಇದೆಯಾ ಅಂತ ನೋಡುವುದು) ಮಾಮೂಲಾಗಿ ಆಫ್ ಇರುತ್ತದೆ, ಪ್ರತಿ ಸಲ ಕನೆಕ್ಷನ್ ತೆರೆದಾಗಲೂ ನೀವೇ ಆನ್ ಮಾಡಬೇಕು. ಇದನ್ನು ಮರೆತರೆ ಗ್ರಾಹಕರ ಹೆಸರು ಅಳಿಸಿ ಹೋಗಿ ಅವರ ಬಿಲ್‌ಗಳು ಮಾತ್ರ ಅನಾಥವಾಗಿ ಉಳಿಯುತ್ತವೆ.

ನಾಲ್ಕಾರು ಕಂಪ್ಯೂಟರ್‌ಗಳಿಂದ ಬಳಸಬೇಕು ಅಂದಾಗ ಕೆಲವರು ಇದೇ ಫೈಲನ್ನು ನೆಟ್‌ವರ್ಕ್ ಫೋಲ್ಡರ್‌ಗೆ ಹಾಕಿ ಎಲ್ಲರಿಗೂ ಶೇರ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಫೈಲ್ ಲಾಕ್ ಆಗುವ ವ್ಯವಸ್ಥೆಯನ್ನು ನಂಬುವ ಹಾಗಿಲ್ಲ, ಇಬ್ಬರು ಒಟ್ಟಿಗೆ ಬರೆದರೆ ಇಡೀ ಡೇಟಾಬೇಸೇ ಕೆಡಬಹುದು. ಅಂಥ ಕಡೆ ನಿಜವಾದ ಸರ್ವರ್ ಬೇಕು.

ಹೆಜ್ಜೆ 2: ಎಸ್‌ಕ್ಯೂಎಲ್ ಸರ್ವರ್ ಅಂದರೆ ಯಾವ ಎಡಿಷನ್?

ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಬಳಸಿ ಬರೆಯುವವರು ಸಾಮಾನ್ಯವಾಗಿ ಅದೇ ಕಂಪನಿಯ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ಗೇ ಹೋಗುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ. ಡೆವಲಪರ್ ಎಡಿಷನ್ 2016ರಿಂದ ಉಚಿತ, ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಎಡಿಷನ್ ಎಂಟರ್‌ಪ್ರೈಸ್‌ನಲ್ಲಿ ಇರುವುದೆಲ್ಲಾ ಅದರಲ್ಲೂ ಇದೆ. ಎಲ್ಲಾ ಇದೆ, ಉಚಿತ ಬೇರೆ, ಇನ್ನೇನು ಬೇಕು ಅನಿಸುತ್ತೆ ಅಲ್ವಾ? ಆದರೆ ಅದರ ಲೈಸೆನ್ಸ್ ಇರುವುದು ಅಪ್ಲಿಕೇಶನ್ ಬರೆಯಲು, ಪರೀಕ್ಷೆ ಮಾಡಲು ಮಾತ್ರ. ಗ್ರಾಹಕರ ದಿನನಿತ್ಯದ ಕೆಲಸಕ್ಕೆ ಅದನ್ನು ಹಾಕಿಕೊಡುವಂತಿಲ್ಲ. ಬಳಸಿ ನೋಡಲು ಕೊಡುವ ಇವ್ಯಾಲ್ಯುಯೇಷನ್ ಎಡಿಷನ್ ಆದರೋ 180 ದಿನಕ್ಕೆ ಮುಗಿಯಿತು.

ಹಂಚಲು ಇರುವುದು ಎಕ್ಸ್‌ಪ್ರೆಸ್. ಇದು ಉಚಿತ, ನಿಮ್ಮ ಅಪ್ಲಿಕೇಶನ್ ಜೊತೆಗೇ ಕೊಡಬಹುದು. ಮಿತಿಗಳು ಇವೆ: 2022ರ ವರ್ಷನ್‌ವರೆಗೆ ಒಂದು ಡೇಟಾಬೇಸ್ 10 ಜಿಬಿ ದಾಟುವಂತಿಲ್ಲ (2025ರ ವರ್ಷನ್‌ನಲ್ಲಿ ಇದನ್ನು 50 ಜಿಬಿಗೆ ಏರಿಸಿದ್ದಾರೆ), 4 ಕೋರ್‌ಗಿಂತ ಹೆಚ್ಚು ಬಳಸಿಕೊಳ್ಳುವುದಿಲ್ಲ, ಡೇಟಾ ಇಟ್ಟುಕೊಳ್ಳುವ ಮೆಮೊರಿ ಸುಮಾರು 1.4 ಜಿಬಿ. ಸಣ್ಣ ಆಫೀಸಿನ ಲೆಕ್ಕಕ್ಕೆ ಕೋರ್, ಮೆಮೊರಿ ಎರಡೂ ಧಾರಾಳ. ಯೋಚಿಸಬೇಕಾದ್ದು ಆ 10 ಜಿಬಿ ಬಗ್ಗೆ, ಅದಕ್ಕೆ ಮುಂದಿನ ಹೆಜ್ಜೆ.

ಎಕ್ಸ್‌ಪ್ರೆಸ್‌ಗೆ ಒಬ್ಬ ತಮ್ಮನೂ ಇದ್ದಾನೆ, ಲೋಕಲ್‌ಡಿಬಿ. 2012ರ ವರ್ಷನ್ ಜೊತೆ ಬಂದದ್ದು. ನಿಮ್ಮ ಅಪ್ಲಿಕೇಶನ್ ಕನೆಕ್ಟ್ ಆದಾಗ ತಾನಾಗಿ ಏಳುತ್ತದೆ, ಕೆಲಸ ಇಲ್ಲದಾಗ ಮಲಗುತ್ತದೆ. ಹಿನ್ನೆಲೆಯಲ್ಲಿ ಸದಾ ಓಡುವ ಸರ್ವಿಸ್ ನೋಡಿಕೊಳ್ಳುವ ತಲೆನೋವಿಲ್ಲ. ಆದರೆ ಬೇರೆ ಕಂಪ್ಯೂಟರ್‌ನಿಂದ ಕನೆಕ್ಟ್ ಆಗಲು ಬಿಡುವುದಿಲ್ಲ, ಮತ್ತು ಒಬ್ಬ ವಿಂಡೋಸ್ ಯೂಸರ್ ಶುರು ಮಾಡಿದ್ದು ಇನ್ನೊಬ್ಬ ಯೂಸರ್‌ಗೆ ಸುಮ್ನೆ ಹಾಗೇ ಸಿಗುವುದಿಲ್ಲ. ಇವತ್ತು ಒಂದೇ ಕಂಪ್ಯೂಟರ್, ಮುಂದೆ ಬೆಳೆಯಬಹುದು ಅನ್ನುವ ಕಡೆ ನಾನು ಇದನ್ನೇ ಹೇಳುತ್ತೇನೆ. ಯಾಕೆಂದರೆ ಕ್ವೆರಿ ಬದಲಿಸದೆ ಎಕ್ಸ್‌ಪ್ರೆಸ್‌ಗೆ ಹೋಗಬಹುದು, ಕನೆಕ್ಷನ್ ಸ್ಟ್ರಿಂಗ್ (ಯಾವ ಡೇಟಾಬೇಸ್‌ಗೆ ಹೋಗಬೇಕು ಅಂತ ಕೋಡ್‌ಗೆ ಹೇಳುವ ಸಾಲು) ಬದಲಿಸಿದರೆ ಆಯಿತು.

ಹೆಜ್ಜೆ 3: ಡೇಟಾ ಎಷ್ಟಾಗುತ್ತೆ, ಕಾಗದದ ಮೇಲೆ ಲೆಕ್ಕ ಹಾಕಿ

ಒಂದು ಸಾಲು 500 ಬೈಟ್ ಅಂದುಕೊಳ್ಳಿ. ದಿನಕ್ಕೆ 2,000 ಸಾಲು ಸೇರಿದರೆ 1 ಎಂಬಿ. ವರ್ಷಕ್ಕೆ 365 ಎಂಬಿ. ಇಂಡೆಕ್ಸ್‌ಗಳಿಗೆ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಪಟ್ಟಿಗಳು) ಅಂತ ಇದನ್ನು ದುಪ್ಪಟ್ಟು ಮಾಡಿದರೂ 10 ಜಿಬಿ ತುಂಬಲು ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಅಂದರೆ ಬರೀ ಅಕ್ಷರ, ಅಂಕಿ ಇದ್ದರೆ ಹೆದರುವ ಅಗತ್ಯವೇ ಇಲ್ಲ.

ಈಗ ಅದೇ ಟೇಬಲ್‌ಗೆ ಫೋಟೋ ಸೇರಿಸಿ. ಒಂದು ಫೋಟೋ 200 ಕೆಬಿ, ದಿನಕ್ಕೆ 50 ಫೋಟೋ, ದಿನಕ್ಕೆ 10 ಎಂಬಿ ಆಯಿತು. ವರ್ಷಕ್ಕೆ ಮೂರೂವರೆ ಜಿಬಿ ದಾಟುತ್ತದೆ, ಮೂರನೇ ವರ್ಷ ಮುಗಿಯುವ ಮೊದಲೇ ಜಾಗ ಖಾಲಿ. ಆ ದಿನ ಬರುವುದು 1827 ನಂಬರಿನ ಎರರ್. ಲೈಸೆನ್ಸ್ ಕೊಟ್ಟ ಮಿತಿ ಮೀರುತ್ತಿದೆ ಅಂತ ಹೇಳಿ ಡೇಟಾಬೇಸ್ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಹಳೇ ಬಿಲ್ ತೆರೆಯುತ್ತದೆ, ಹೊಸದು ಸೇವ್ ಆಗುವುದಿಲ್ಲ. ಹಾಗಾಗಿ ಫೋಟೋ, ಪಿಡಿಎಫ್ ಎಲ್ಲಾ ಫೋಲ್ಡರ್‌ನಲ್ಲಿ ಇಡಿ, ಟೇಬಲ್‌ನಲ್ಲಿ ಅದರ ದಾರಿ ಮಾತ್ರ ಬರೆಯಿರಿ. ಬ್ಯಾಕಪ್ ತೆಗೆಯುವಾಗ ಆ ಫೋಲ್ಡರನ್ನೂ ಸೇರಿಸಬೇಕು, ಅದನ್ನು ಮರೆಯಬೇಡಿ. ಬದಲಾವಣೆಗಳ ದಾಖಲೆ ಇಡುವ ಲಾಗ್ ಫೈಲ್ ಮಾತ್ರ ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 4: ಹಂಚುವ ವರ್ಷನ್‌ನಲ್ಲೇ ಬರೆಯಿರಿ

ಇದನ್ನು ನಾನು ಕಷ್ಟಪಟ್ಟು ಕಲಿತದ್ದು. ನನ್ನ ಕಂಪ್ಯೂಟರ್‌ನಲ್ಲಿ 2019ರ ಡೆವಲಪರ್ ಎಡಿಷನ್ ಇತ್ತು, ಅಪ್ಲಿಕೇಶನ್ ಹೋಗಬೇಕಾದ ಕಡೆ 2017ರ ಎಕ್ಸ್‌ಪ್ರೆಸ್. ಬ್ಯಾಕಪ್ ಫೈಲ್ ತೆಗೆದುಕೊಂಡು ಹೋದೆ. ರಿಸ್ಟೋರ್ ಆಗಲಿಲ್ಲ. ಕಂಪ್ಯಾಟಿಬಿಲಿಟಿ ಲೆವೆಲ್ (ಹಳೇ ವರ್ಷನ್‌ನಂತೆ ನಡೆದುಕೊಳ್ಳಲು ಹೇಳುವ ಸೆಟ್ಟಿಂಗ್) ಇಳಿಸಿ ಮತ್ತೆ ಬ್ಯಾಕಪ್ ಮಾಡಿದೆ, ಆಗಲೂ ಇಲ್ಲ. ಆ ಲೆವೆಲ್ ಕ್ವೆರಿಗಳು ನಡೆಯುವ ರೀತಿಯನ್ನು ಬದಲಿಸುತ್ತದೆಯೇ ಹೊರತು ಫೈಲಿನ ಒಳಗಿನ ರಚನೆಯನ್ನಲ್ಲ ಅಂತ ಆಮೇಲೆ ತಿಳಿಯಿತು. ಹೊಸ ವರ್ಷನ್‌ನ ಬ್ಯಾಕಪ್ ಹಳೇ ವರ್ಷನ್‌ನಲ್ಲಿ ತೆರೆಯುವುದೇ ಇಲ್ಲ. ಕೊನೆಗೆ ಟೇಬಲ್, ಡೇಟಾ ಎಲ್ಲಕ್ಕೂ ಸ್ಕ್ರಿಪ್ಟ್ ತೆಗೆದು ಒಂದೊಂದೇ ಓಡಿಸಿ ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿದೆ. ಅಂದಿನಿಂದ ಡೇಟಾಬೇಸ್ ಕಟ್ಟುವ ಸ್ಕ್ರಿಪ್ಟನ್ನು ಮೊದಲ ದಿನದಿಂದಲೇ ಕೋಡ್ ಜೊತೆ ಇಡುತ್ತೇನೆ.

ಎಡಿಷನ್ ವ್ಯತ್ಯಾಸವೂ ಕಾಡುತ್ತದೆ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ಎಕ್ಸ್‌ಪ್ರೆಸ್‌ನಲ್ಲಿ ಇಲ್ಲ. ರಾತ್ರಿ ಬ್ಯಾಕಪ್ ತಾನಾಗಿ ಆಗುತ್ತೆ ಅಂತ ಏಜೆಂಟ್‌ನಲ್ಲಿ ಜಾಬ್ ಬರೆದಿದ್ದರೆ ಅದು ಅಲ್ಲಿ ನಡೆಯುವುದಿಲ್ಲ. ಅದರ ಬದಲು ಬ್ಯಾಕಪ್ ಸ್ಕ್ರಿಪ್ಟನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಕೊಡಿ.

ಹೆಜ್ಜೆ 5: ಬೇರೆ ಡೇಟಾಬೇಸ್ ಆದರೆ ಲೈಸೆನ್ಸ್ ಓದಿ

ಪೋಸ್ಟ್‌ಗ್ರೆಸ್ ಅನ್ನುವ ಉಚಿತ ಡೇಟಾಬೇಸ್‌ನಲ್ಲಿ ಈ ಎಡಿಷನ್ ಗೊಡವೆಯೇ ಇಲ್ಲ. ಒಂದೇ ಇರುವುದು, 10 ಜಿಬಿಯಂಥ ಗಾತ್ರದ ಮಿತಿಯೂ ಇಲ್ಲ, ಮಾರುವ ಸಾಫ್ಟ್‌ವೇರ್ ಜೊತೆ ಹಂಚಲೂಬಹುದು. ಮೈಎಸ್‌ಕ್ಯೂಎಲ್‌ನ ಕಮ್ಯುನಿಟಿ ಎಡಿಷನ್ ಜಿಪಿಎಲ್ (ಹಂಚುವಾಗ ಸೋರ್ಸ್ ಕೋಡನ್ನೂ ಕೊಡಬೇಕು ಅನ್ನುವ) ಲೈಸೆನ್ಸಿನದು. ಸೋರ್ಸ್ ಕೋಡ್ ಕೊಡದೆ ಮಾರುವ ಅಪ್ಲಿಕೇಶನ್ ಒಳಗೆ ಅದನ್ನು ಸೇರಿಸಿ ಹಂಚುವ ಮೊದಲು ನಿಯಮ ಸರಿಯಾಗಿ ಓದಿ, ಬೇಕಾದರೆ ಅದರ ಕಮರ್ಷಿಯಲ್ ಲೈಸೆನ್ಸ್ ಕೊಳ್ಳಿ. ಒರಾಕಲ್‌ನ ಉಚಿತ ಎಡಿಷನ್‌ನಲ್ಲಿ ನಿಮ್ಮ ಡೇಟಾಗೆ 12 ಜಿಬಿ ಮಿತಿ ಇದೆ.

ಹೆಜ್ಜೆ 6: ಖಾಲಿ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ

ವಿಂಡೋಸ್ ಬಿಟ್ಟು ಬೇರೇನೂ ಇಲ್ಲದ ಒಂದು ವರ್ಚುವಲ್ ಮಷೀನ್ (ನಿಮ್ಮ ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಮಾಡಿಕೊಳ್ಳಿ. ಇನ್‌ಸ್ಟಾಲ್ ಮಾಡಿದ ಮೇಲೆ ಅಡ್ಮಿನ್ ಅಲ್ಲದ ಯೂಸರ್ ಆಗಿ ಒಳಗೆ ಹೋಗಿ ಒಂದು ಬಿಲ್ ಸೇವ್ ಮಾಡಿ. ಡೇಟಾಬೇಸ್ ಫೈಲನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ ಇಟ್ಟಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ, ಮಾಮೂಲಿ ಯೂಸರ್‌ಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಅದು ಇರಬೇಕಾದ ಜಾಗ ಪ್ರೋಗ್ರಾಂ ಡೇಟಾ ಅಥವಾ ಯೂಸರ್‌ನ ಆ್ಯಪ್ ಡೇಟಾ ಫೋಲ್ಡರ್. ಎಕ್ಸ್‌ಪ್ರೆಸ್ ಆದರೆ ಇನ್ನೊಂದು ಮಷೀನ್‌ನಿಂದಲೂ ಕನೆಕ್ಟ್ ಮಾಡಿ. ಆಗದೇ ಇದ್ದರೆ ಕೋಡ್ ಕೆದಕುವ ಮೊದಲು ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಷನ್ ಮ್ಯಾನೇಜರ್ ತೆರೆಯಿರಿ. ಟಿಸಿಪಿ ಐಪಿ (ನೆಟ್‌ವರ್ಕ್ ಮೂಲಕ ಕನೆಕ್ಟ್ ಆಗುವ ದಾರಿ) ಶುರುವಿನಲ್ಲಿ ಆಫ್ ಇರುತ್ತದೆ. ಅದನ್ನು ಆನ್ ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಿ, ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಸರ್ವಿಸ್ (ಇದು ವೆಬ್ ಬ್ರೌಸರ್ ಅಲ್ಲ) ಓಡುತ್ತಿದೆಯಾ ನೋಡಿ, ಫೈರ್‌ವಾಲ್‌ನಲ್ಲಿ ದಾರಿ ಬಿಡಿ, ಮತ್ತೆ ಕನೆಕ್ಟ್ ಮಾಡಿ.