ಖಭೌತವಿಜ್ಞಾನದಲ್ಲಿ ಪಿಎಚ್.ಡಿ.: ಸಿದ್ಧತೆಯಿಂದ ಪ್ರಬಂಧದವರೆಗೆ

ಖಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬೇಕೆಂದಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಸಂಸ್ಥೆ ಒಳ್ಳೆಯದು ಎಂದು. ನನ್ನ ದೃಷ್ಟಿಯಲ್ಲಿ ಅದು ಮೂರನೆಯ ಪ್ರಶ್ನೆ. ನನ್ನ ಭೌತಶಾಸ್ತ್ರ ಎಷ್ಟು ಗಟ್ಟಿಯಾಗಿದೆ ಎಂಬುದು ಮೊದಲನೆಯದು. ಯಾವ ವಿಷಯದ ಮೇಲೆ, ಯಾರ ಮಾರ್ಗದರ್ಶನದಲ್ಲಿ ಐದು ವರ್ಷ ಕೆಲಸ ಮಾಡಲು ಸಿದ್ಧನಿದ್ದೇನೆ ಎಂಬುದು ಎರಡನೆಯದು. ಈ ಎರಡಕ್ಕೂ ಪ್ರಾಮಾಣಿಕವಾದ ಉತ್ತರ ಸಿಕ್ಕಿದರೆ ಸಂಸ್ಥೆಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ. ಕರ್ನಾಟಕದ ಯಾವುದೋ ಕಾಲೇಜಿನಲ್ಲಿ ಬಿ.ಎಸ್‌ಸಿ. ಅಥವಾ ಎಂ.ಎಸ್‌ಸಿ. ಓದುತ್ತಿರುವ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಭೌತಶಾಸ್ತ್ರ

ನಕ್ಷತ್ರಪುಂಜಗಳನ್ನು ಗುರುತಿಸಬಲ್ಲವರು, ಸ್ವಂತ ದೂರದರ್ಶಕ ಇಟ್ಟುಕೊಂಡಿರುವವರು ಸಂದರ್ಶನಕ್ಕೆ ಬಂದಾಗ ಸಂತೋಷವಾಗುತ್ತದೆ. ಆದರೆ ಆ ಪ್ರೀತಿ ಪಠ್ಯಕ್ರಮದ ಭೌತಶಾಸ್ತ್ರಕ್ಕೆ ಬದಲಿಯಾಗದು. ಇದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1920ರಲ್ಲಿ ಮೇಘನಾದ ಸಾಹಾ ಅವರು ಉಷ್ಣಗತಿಶಾಸ್ತ್ರವನ್ನು ಪರಮಾಣುಗಳ ಹೊಸ ಭೌತಶಾಸ್ತ್ರದೊಂದಿಗೆ ಸೇರಿಸಿ, ಅನಿಲವೊಂದರ ಉಷ್ಣತೆ ಮತ್ತು ಒತ್ತಡ ತಿಳಿದಿದ್ದರೆ ಅದರ ಪರಮಾಣುಗಳಲ್ಲಿ ಎಷ್ಟು ಪಾಲು ಅಯಾನುಗಳಾಗಿರುತ್ತವೆ ಎಂದು ಹೇಳುವ ಸಮೀಕರಣವನ್ನು ಕೊಟ್ಟರು. ನಕ್ಷತ್ರಗಳ ರೋಹಿತಗಳು (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಪಟ್ಟಿಗಳು) ಒಂದಕ್ಕಿಂತ ಒಂದು ಭಿನ್ನವಾಗಿ ಕಾಣಲು ಮುಖ್ಯ ಕಾರಣ ಅವುಗಳ ಉಷ್ಣತೆ ಎಂಬುದು ಇದರಿಂದ ಸ್ಪಷ್ಟವಾಯಿತು. ರೋಹಿತದಲ್ಲಿ ಹೈಡ್ರೋಜನ್ ಮೂಡಿಸುವ ಬಾಮರ್ ಗೆರೆಗಳು ಸುಮಾರು 10,000 ಕೆಲ್ವಿನ್ ಉಷ್ಣತೆಯ ನಕ್ಷತ್ರಗಳಲ್ಲಿ ಅತ್ಯಂತ ಗಾಢವಾಗಿದ್ದು, 5,800 ಕೆಲ್ವಿನ್ ಆಸುಪಾಸಿನ ಸೂರ್ಯನಲ್ಲಿ ಮಂದವಾಗಿರುವುದಕ್ಕೆ ಸೂರ್ಯನಲ್ಲಿ ಹೈಡ್ರೋಜನ್ ಕಡಿಮೆ ಇರುವುದು ಕಾರಣವಲ್ಲ. 1925ರಲ್ಲಿ ಸಿಸಿಲಿಯಾ ಪೇನ್ ಅದೇ ಸಮೀಕರಣವನ್ನು ಹಾರ್ವರ್ಡ್ ವೀಕ್ಷಣಾಲಯದ ರೋಹಿತಗಳಿಗೆ ಅನ್ವಯಿಸಿ, ನಕ್ಷತ್ರಗಳು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂನಿಂದಾಗಿವೆ ಎಂಬ ಫಲಿತಾಂಶವನ್ನು ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಪಡೆದರು. ಆ ಕಾಲದ ಹಿರಿಯ ವಿಜ್ಞಾನಿ ಹೆನ್ರಿ ನೋರಿಸ್ ರಸೆಲ್ ಅದನ್ನು ಒಪ್ಪದ ಕಾರಣ, ಈ ಪ್ರಮಾಣ ನಿಜವಿರಲಾರದು ಎಂದು ಪ್ರಬಂಧದಲ್ಲಿಯೇ ಅವರು ಬರೆದರು. 1929ರಲ್ಲಿ ರಸೆಲ್ ಅವರೇ ಬೇರೆ ಮಾರ್ಗದಿಂದ ಅದೇ ನಿರ್ಣಯಕ್ಕೆ ಬಂದರು. ವಿಶ್ವದ ಬಗ್ಗೆ ಮನುಷ್ಯನ ತಿಳಿವಳಿಕೆಯನ್ನೇ ಬದಲಿಸಿದ ಆ ಪ್ರಬಂಧದ ತಳದಲ್ಲಿದ್ದ ಸಮೀಕರಣವನ್ನು ಇಂದು ಎಂ.ಎಸ್‌ಸಿ. ವಿದ್ಯಾರ್ಥಿ ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸ್ ತರಗತಿಯಲ್ಲಿ ಕಲಿತದ್ದರಿಂದಲೇ ಸಾಧಿಸಿ ತೋರಿಸಬಹುದು.

ಆದ್ದರಿಂದ ಕ್ಲಾಸಿಕಲ್ ಮೆಕ್ಯಾನಿಕ್ಸ್, ವಿದ್ಯುತ್ಕಾಂತ ಸಿದ್ಧಾಂತ, ಕ್ವಾಂಟಂ ಮೆಕ್ಯಾನಿಕ್ಸ್, ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸ್ ಮತ್ತು ಗಣಿತ ವಿಧಾನಗಳನ್ನು ಲೆಕ್ಕ ಬಿಡಿಸುತ್ತ ಕಲಿಯಬೇಕು; ನೋಟ್ಸ್ ಬಾಯಿಪಾಠ ಮಾಡಿ ಪಡೆದ ಅಂಕಗಳು ಮುಂದೆ ಕೈಹಿಡಿಯುವುದಿಲ್ಲ. ಇದರ ಜೊತೆಗೆ ಪೈಥಾನ್ ಭಾಷೆಯಲ್ಲಿ ಸ್ವಂತವಾಗಿ ಪ್ರೋಗ್ರಾಂ ಬರೆಯುವುದು, ಲಿನಕ್ಸ್ ಬಳಸುವುದು, ಸಂಖ್ಯಾಶಾಸ್ತ್ರದ ಮೂಲ ಪಾಠಗಳು ತಿಳಿದಿರಲಿ. ಗಯಾ ಉಪಗ್ರಹ ಅಳೆದ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಮಾಹಿತಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಅದರಿಂದ ಕೃತ್ತಿಕಾ ನಕ್ಷತ್ರಗುಚ್ಛದ ಸದಸ್ಯರನ್ನು ಬೇರ್ಪಡಿಸಿ, ಅವುಗಳ ಬಣ್ಣ ಮತ್ತು ಪ್ರಕಾಶದ ನಕ್ಷೆಯನ್ನು ನೀವೇ ಬರೆದು ನೋಡಿ. ಎರಡು ವಾರ ಹಿಡಿಯುವ ಈ ಕೆಲಸ ನಿಮಗೆ ಬೇಸರ ತರಿಸಿದರೆ ಪಿಎಚ್.ಡಿ.ಯ ದಿನಚರಿಯೂ ಬೇಸರ ತರಿಸುವ ಸಂಭವ ಹೆಚ್ಚು, ಏಕೆಂದರೆ ಅಲ್ಲಿನ ಬಹುತೇಕ ದಿನಗಳು ಹೀಗೆಯೇ ಇರುತ್ತವೆ.

ಬೇಸಿಗೆ ರಜೆಯಲ್ಲಿ ಸಂಶೋಧನೆಯ ರುಚಿ ನೋಡುವುದು ಇನ್ನೂ ಒಳ್ಳೆಯದು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವು ಪದವಿ ವಿದ್ಯಾರ್ಥಿಗಳಿಗಾಗಿ ನಡೆಸುವ ರೀಪ್ ತರಗತಿಗಳು ನಮ್ಮ ರಾಜ್ಯದ ಹಲವರನ್ನು ಈ ಕಡೆಗೆ ತಂದಿವೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್, ಪುಣೆಯ ಖಗೋಳವಿಜ್ಞಾನ ಕೇಂದ್ರವಾದ ಅಯುಕಾದ ರಜಾಕಾಲದ ಕಾರ್ಯಕ್ರಮ, ರಾಮನ್ ಸಂಶೋಧನಾ ಸಂಸ್ಥೆಯ ಸಂದರ್ಶಕ ವಿದ್ಯಾರ್ಥಿ ಯೋಜನೆ ಇವುಗಳಿಗೂ ಅರ್ಜಿ ಹಾಕಬಹುದು. ಬೇಸಿಗೆಯ ಕೆಲಸ ಪ್ರಕಟಣೆಯವರೆಗೆ ಹೋಗದಿದ್ದರೆ ಚಿಂತೆಯಿಲ್ಲ. ನಿಮ್ಮ ಬಗ್ಗೆ ಖಚಿತವಾಗಿ ನಾಲ್ಕು ಮಾತು ಬರೆಯಬಲ್ಲ ವಿಜ್ಞಾನಿಯೊಬ್ಬರ ಪರಿಚಯವಾದರೆ ಅದೇ ದೊಡ್ಡ ಲಾಭ.

ಪ್ರವೇಶ

ದೇಶದಲ್ಲಿ ಪ್ರವೇಶಕ್ಕೆ ಮುಖ್ಯವಾಗಿ ಜೆಸ್ಟ್ (ಹಲವು ಸಂಶೋಧನಾ ಸಂಸ್ಥೆಗಳ ಜಂಟಿ ಪ್ರವೇಶ ಪರೀಕ್ಷೆ), ಸಿಎಸ್‌ಐಆರ್ ನೆಟ್ ಮತ್ತು ಗೇಟ್ ಪರೀಕ್ಷೆಗಳಿವೆ. ಅಯುಕಾ ತನ್ನದೇ ಆದ ಪ್ರವೇಶ ಪರೀಕ್ಷೆ ನಡೆಸುತ್ತದೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಕೂಡ. ಯಾವ ಸಂಸ್ಥೆ ಯಾವುದನ್ನು ಒಪ್ಪುತ್ತದೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿ ಪಟ್ಟಿ ಮಾಡಿಕೊಳ್ಳಿ. ಒಂದೇ ಪರೀಕ್ಷೆಯನ್ನು ನೆಚ್ಚಿಕೊಂಡು ಆ ದಿನ ಜ್ವರ ಬಂದು ವರ್ಷ ಕಳೆದುಕೊಂಡವರನ್ನು ಕಂಡಿದ್ದೇನೆ. ಕನಿಷ್ಠ ಮೂರನ್ನಾದರೂ ಬರೆಯಿರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇಕಡ 75 ಅಂಕ ಪಡೆದವರೂ ಪಿಎಚ್.ಡಿ.ಗೆ ಅರ್ಹರು. ಆದರೂ ಈ ವಿಷಯಕ್ಕೆ ಎಂ.ಎಸ್‌ಸಿ.ಯ ಎರಡು ವರ್ಷ ಅಥವಾ ಎಂ.ಎಸ್‌ಸಿ.ಯನ್ನೂ ಒಳಗೊಂಡ ಸಮಗ್ರ ಪಿಎಚ್.ಡಿ.ಯ ಆರಂಭದ ತರಗತಿಗಳನ್ನು ಬಿಟ್ಟು ಹೋಗಬಾರದೆಂಬುದು ನನ್ನ ಸಲಹೆ.

ಸಂದರ್ಶನದಲ್ಲಿ ಖಗೋಳದ ಸುದ್ದಿಗಳನ್ನು ಕೇಳುವುದು ಕಡಿಮೆ. ನಿಮಗೆ ಇಷ್ಟವಾದ ವಿಷಯ ಯಾವುದೆಂದು ಕೇಳಿ, ಅದರಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಹೇಳುತ್ತಾರೆ. ಸೂರ್ಯನ ಒಳಗಿನ ಒತ್ತಡ ಥಟ್ಟನೆ ಇಲ್ಲವಾದರೆ ಅದು ತನ್ನ ಭಾರಕ್ಕೆ ಕುಸಿಯಲು ಎಷ್ಟು ಹೊತ್ತು ಬೇಕು ಎಂಬುದು ಇಂಥ ಪ್ರಶ್ನೆ. ಸೂರ್ಯನ ರಾಶಿ, ತ್ರಿಜ್ಯ ಮತ್ತು ಗುರುತ್ವ ಸ್ಥಿರಾಂಕ ಈ ಮೂರನ್ನು ಕಾಲದ ಮಾನ ಬರುವಂತೆ ಜೋಡಿಸಿದರೆ ಅರ್ಧ ಗಂಟೆಯ ಆಸುಪಾಸಿನ ಉತ್ತರ ಬರುತ್ತದೆ. ಯಾವ ಸೂತ್ರವೂ ನೆನಪಿರಬೇಕಾಗಿಲ್ಲ. ಸಮಿತಿ ನೋಡುವುದು ನೀವು ಹೇಗೆ ಯೋಚಿಸುತ್ತೀರಿ, ತಪ್ಪನ್ನು ತೋರಿಸಿದಾಗ ಹೇಗೆ ತಿದ್ದಿಕೊಳ್ಳುತ್ತೀರಿ ಎಂಬುದನ್ನು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಂದಿ ಇಂಗ್ಲಿಷ್ ಸರಾಗವಾಗಿ ಬಾರದೆಂದು ಇಲ್ಲಿ ಕುಗ್ಗಿಹೋಗುತ್ತಾರೆ. ಕುಗ್ಗಬೇಡಿ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ, ಸಮೀಕರಣ ಬರೆಯುತ್ತ ಮಾತನಾಡಿದರೆ ಸಾಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದರೆ ಯಾರೂ ಕೀಳಾಗಿ ಕಾಣುವುದಿಲ್ಲ.

ಹಣದ ಮಾತನ್ನೂ ಮನೆಯವರೊಂದಿಗೆ ಮೊದಲೇ ಆಡಿಬಿಡಿ. 2023ರ ಜನವರಿಯಿಂದ ಜೂನಿಯರ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಸಿಗುವ ಸೀನಿಯರ್ ಫೆಲೋಶಿಪ್ 42,000 ರೂಪಾಯಿ. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಒಬ್ಬರ ಜೀವನಕ್ಕೆ ಇದು ಸಾಕಾಗುತ್ತದೆ. ಊರಿಗೂ ಕಳಿಸಬೇಕಾದವರಿಗೆ ಬಿಗಿಯಾಗುತ್ತದೆ, ಅದರಲ್ಲೂ ಹಣ ಬಿಡುಗಡೆ ತಡವಾದ ತಿಂಗಳುಗಳಲ್ಲಿ.

ವಿಷಯ ಮತ್ತು ಮಾರ್ಗದರ್ಶಕರು

ಬೆಂಗಳೂರಿನಲ್ಲಿಯೇ ಕೋರಮಂಗಲದ ಭಾರತೀಯ ಖಭೌತವಿಜ್ಞಾನ ಸಂಸ್ಥೆ (ಐಐಎ), ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್, ಭಾರತೀಯ ವಿಜ್ಞಾನ ಸಂಸ್ಥೆ ಇವೆ. ವಿಜ್ಞಾನ ಸಂಸ್ಥೆಯಲ್ಲಿ ಹಲವು ಸಂಸ್ಥೆಗಳು ಕೂಡಿ 1982ರಲ್ಲಿ ಆರಂಭಿಸಿದ ಜಂಟಿ ಖಗೋಳವಿಜ್ಞಾನ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಪುಣೆಯಲ್ಲಿ ಅಯುಕಾ ಮತ್ತು ರೇಡಿಯೊ ಖಗೋಳವಿಜ್ಞಾನದ ಕೇಂದ್ರ ಎನ್‌ಸಿಆರ್‌ಎ, ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್), ನೈನಿತಾಲದಲ್ಲಿ ವೀಕ್ಷಣಾ ವಿಜ್ಞಾನಗಳ ಸಂಸ್ಥೆ ಏರೀಸ್ ಇವೆ. ಪ್ರತಿಯೊಂದರ ಬಲ ಬೇರೆ ಬೇರೆ. ಸೂರ್ಯನ ಮೇಲೆ ಕೆಲಸ ಮಾಡಬೇಕೆನ್ನುವವರಿಗೆ, 1899ರಲ್ಲಿ ಆರಂಭವಾದ ಕೊಡೈಕೆನಾಲ್ ವೀಕ್ಷಣಾಲಯವನ್ನು ನಡೆಸುವ ಮತ್ತು ಸೂರ್ಯನನ್ನು ಅಧ್ಯಯನ ಮಾಡುವ ನೌಕೆ ಆದಿತ್ಯ-ಎಲ್1ರ ಮುಖ್ಯ ಉಪಕರಣವನ್ನು ನಿರ್ಮಿಸಿದ ಐಐಎ ಸಹಜವಾದ ಜಾಗ. ರೇಡಿಯೊ ಖಗೋಳವಿಜ್ಞಾನ ಇಷ್ಟಪಡುವವರು, ನಾರಾಯಣಗಾಂವ್ ಬಳಿ 45 ಮೀಟರ್ ವ್ಯಾಸದ 30 ಡಿಶ್‌ಗಳ ರೇಡಿಯೊ ದೂರದರ್ಶಕ ಜಿಎಂಆರ್‌ಟಿ ನಡೆಸುವ ಎನ್‌ಸಿಆರ್‌ಎಯನ್ನು ಬಿಟ್ಟು ಮುಂದೆ ಯೋಚಿಸಲಾರರು.

ವಿಷಯವನ್ನು ಆರಿಸುವಾಗ ಆ ವರ್ಷ ಪತ್ರಿಕೆಗಳಲ್ಲಿ ಮೆರೆಯುತ್ತಿರುವುದನ್ನೇ ಹಿಡಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರು 1960ರ ದಶಕದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವಾಗ ಎತ್ತಿಕೊಂಡದ್ದು, ಕಪ್ಪುಕುಳಿಯನ್ನು ತುಸು ಕದಡಿದರೆ ಅದು ಸ್ಥಿರವಾಗಿ ಉಳಿದೀತೇ ಎಂಬ ಪ್ರಶ್ನೆಯನ್ನು. ಕಪ್ಪುಕುಳಿ ಎಂಬ ಹೆಸರೇ ಇನ್ನೂ ಬಳಕೆಗೆ ಬರುತ್ತಿದ್ದ ಕಾಲವದು. ಅದೇ ಜಾಡಿನಲ್ಲಿ ಮುಂದುವರಿದು 1970ರಲ್ಲಿ ಅವರು, ಕದಡಿದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ಮಿಡಿದು ಬೇಗನೆ ಶಾಂತವಾಗುತ್ತದೆ ಎಂದು ತೋರಿಸಿದರು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೈಗೊ ವೀಕ್ಷಣಾಲಯ ದಾಖಲಿಸಿದ ಗುರುತ್ವ ಅಲೆಯ ಕೊನೆಯ ಭಾಗ ಈ ಬಗೆಯ ಮಿಡಿತಕ್ಕೆ ಹೊಂದುವಂತಿತ್ತು. ಅದನ್ನು ಕಾಣಲು ಅವರು ಇದ್ದರು. ಮೇಲೆ ಹೇಳಿದ ಬೆಂಗಳೂರಿನ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಒಳ್ಳೆಯ ಪ್ರಶ್ನೆ ಚಿಕ್ಕದಾಗಿದ್ದರೂ ಗಣಿತದಿಂದಲೋ ವೀಕ್ಷಣೆಯಿಂದಲೋ ಹಿಡಿತಕ್ಕೆ ಸಿಗುವಂತಿರಬೇಕು. ವಿಶ್ವದ ಆರಂಭವನ್ನೇ ಬಿಡಿಸುತ್ತೇನೆಂದು ಹೊರಟವರಿಗೆ ಎರಡನೆಯ ವರ್ಷದಲ್ಲಿ ಬರೆಯಲು ಏನೂ ಇರುವುದಿಲ್ಲ.

ಮಾರ್ಗದರ್ಶಕರ ಬಗ್ಗೆ ವಿಚಾರಿಸುವುದಕ್ಕೆ ಸಂಕೋಚ ಬೇಡ. ಅವರ ಕಳೆದ ಐದು ವರ್ಷದ ಲೇಖನಗಳನ್ನು ಹುಡುಕಿ ಓದಿ, ಅವುಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಗಳದ್ದಿದೆಯೇ ನೋಡಿ. ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ, ಯಾರಾದರೂ ನಡುವೆ ಬಿಟ್ಟುಹೋದರೇ ಎಂದು ತಿಳಿದುಕೊಳ್ಳಿ. ಈಗಿರುವ ವಿದ್ಯಾರ್ಥಿಗಳೊಂದಿಗೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಅರ್ಧ ಗಂಟೆ ಮಾತನಾಡಿದರೆ ಜಾಲತಾಣ ಹೇಳದ ಎಷ್ಟೋ ಸಂಗತಿ ತಿಳಿಯುತ್ತದೆ. ವಾರಕ್ಕೊಮ್ಮೆಯಾದರೂ ಭೇಟಿಗೆ ಸಿಗುತ್ತಾರೆಯೇ, ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂಬುದೂ ಮುಖ್ಯ. ಬಹಳ ಹೆಸರಾದ, ಆದರೆ ಸದಾ ಪ್ರವಾಸದಲ್ಲಿರುವ ವಿಜ್ಞಾನಿಗಿಂತ, ನಿಮ್ಮ ಪ್ರೋಗ್ರಾಮಿನ ತಪ್ಪನ್ನು ಪಕ್ಕದಲ್ಲಿ ಕುಳಿತು ನೋಡುವವರು ಮೊದಲ ಎರಡು ವರ್ಷಗಳಲ್ಲಿ ಹೆಚ್ಚು ಉಪಕಾರಿಗಳು.

ವಿದೇಶಕ್ಕೆ ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ಅಮೆರಿಕದಲ್ಲಿ ಪದವಿಯ ನಂತರ ನೇರವಾಗಿ ಸೇರಬಹುದು, ಐದಾರು ವರ್ಷ ಹಿಡಿಯುತ್ತದೆ, ಅರ್ಜಿಗಳು ಬಹುತೇಕ ಡಿಸೆಂಬರ್ ಆಸುಪಾಸಿನಲ್ಲಿ ಮುಗಿಯುತ್ತವೆ. ಯುರೋಪಿನ ಬಹುತೇಕ ಕಡೆ ಎಂ.ಎಸ್‌ಸಿ. ಬೇಕು, ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಎರಡು ಕಡೆಯೂ ಸಂಬಳ ಅಥವಾ ಫೆಲೋಶಿಪ್ ಇಲ್ಲದ ಪ್ರವೇಶವನ್ನು ಒಪ್ಪಿಕೊಂಡು ಸಾಲ ಮಾಡಬೇಡಿ.

ಕೆಲಸದ ವರ್ಷಗಳು

ಮೊದಲ ವರ್ಷ ತರಗತಿಗಳಲ್ಲಿ ಕಳೆಯುತ್ತದೆ. ಪ್ರತಿದಿನ ಬೆಳಿಗ್ಗೆ ಆರ್ಕೈವ್ (arXiv) ಜಾಲತಾಣದ ಹೊಸ ಲೇಖನಗಳ ಶೀರ್ಷಿಕೆ ಮತ್ತು ಸಾರಾಂಶ ಓದುವ ಅಭ್ಯಾಸವನ್ನು ಅಂದಿನಿಂದಲೇ ಮಾಡಿಕೊಳ್ಳಿ. ಆರಂಭದಲ್ಲಿ ಏನೂ ಅರ್ಥವಾಗುವುದಿಲ್ಲ. ಆರು ತಿಂಗಳಲ್ಲಿ ಯಾರು ಯಾವುದರ ಮೇಲೆ ಕೆಲಸ ಮಾಡುತ್ತಿದ್ದಾರೆಂಬ ನಕ್ಷೆ ತಲೆಯಲ್ಲಿ ಮೂಡುತ್ತದೆ.

ವೀಕ್ಷಣೆಯ ಕೆಲಸ ಮಾಡುವವರು ದೂರದರ್ಶಕದ ಸಮಯಕ್ಕಾಗಿ ಪ್ರಸ್ತಾವನೆ ಬರೆಯಬೇಕು. ಏನನ್ನು ಅಳೆಯುತ್ತೇವೆ, ಅದಕ್ಕೆ ಇಷ್ಟೇ ಗಂಟೆ ಏಕೆ ಬೇಕು, ಇದೇ ದೂರದರ್ಶಕ ಏಕೆ ಬೇಕು ಎಂಬುದನ್ನು ಎರಡು ಮೂರು ಪುಟಗಳಲ್ಲಿ ಸಮಿತಿಗೆ ಮನಗಾಣಿಸುವುದು ಒಂದು ಕಲೆಯೇ ಸರಿ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅಲ್ಲಿ ಕುಳಿತು ಹಿಮಾಲಯದ ಆಕಾಶವನ್ನು ನೋಡುವ ಮೊದಲ ರಾತ್ರಿಯನ್ನು ಯಾವ ವಿದ್ಯಾರ್ಥಿಯೂ ಮರೆಯುವುದಿಲ್ಲ. ಆದರೆ ಪಡೆದ ಮೂರೂ ರಾತ್ರಿ ಮೋಡ ಕವಿಯುವುದೂ ಉಂಟು. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಲ್ಲಿ ಮಳೆಗಾಲವಿಡೀ ಇದೇ ಪಾಡು. ಆದ್ದರಿಂದ ಪ್ರಬಂಧದ ಒಂದು ಅಧ್ಯಾಯವಾದರೂ ಈಗಾಗಲೇ ಸಂಗ್ರಹದಲ್ಲಿರುವ ದತ್ತಾಂಶದ ಮೇಲೆ ನಿಂತಿರಲಿ. 2015ರಲ್ಲಿ ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶವನ್ನು ಬೆಂಗಳೂರು ಬಳಿಯ ಬ್ಯಾಲಾಳು ಕೇಂದ್ರದ ಸಂಗ್ರಹದಿಂದ ಪಡೆಯಬಹುದು, ಅದರಲ್ಲಿ ಯಾರೂ ಗಮನವಿಟ್ಟು ನೋಡದ ವಸ್ತುಗಳು ಇನ್ನೂ ಇವೆ.

ಮಾಡಿದ್ದನ್ನೆಲ್ಲ ದಿನಾಂಕದೊಂದಿಗೆ ಬರೆದಿಡಿ, ಪ್ರೋಗ್ರಾಂಗಳ ಪ್ರತಿ ಆವೃತ್ತಿಯನ್ನೂ ಉಳಿಸಿ. ಎರಡು ವರ್ಷದ ಹಿಂದೆ ಬರೆದ ಚಿತ್ರವೊಂದನ್ನು ಪತ್ರಿಕೆಯ ಪರಾಮರ್ಶಕರು ಬೇರೆ ರೀತಿಯಲ್ಲಿ ಬರೆಯಲು ಕೇಳಿದಾಗ ಈ ಶಿಸ್ತಿನ ಬೆಲೆ ತಿಳಿಯುತ್ತದೆ. ಪರಾಮರ್ಶಕರ ಮೊದಲ ಪತ್ರ ಬಂದ ದಿನ ಉತ್ತರ ಬರೆಯಬೇಡಿ. ಎರಡು ದಿನ ಬಿಟ್ಟು, ಪ್ರತಿ ಆಕ್ಷೇಪಕ್ಕೂ ಒಂದೊಂದಾಗಿ, ಒಪ್ಪುವುದನ್ನು ಒಪ್ಪಿ, ಒಪ್ಪದ್ದಕ್ಕೆ ಕಾರಣ ಕೊಟ್ಟು ಬರೆಯಿರಿ.

ಮೂರನೆಯ ವರ್ಷ ಬಹುತೇಕರಿಗೆ ಕಷ್ಟದ್ದು. ಜೊತೆಯ ಗೆಳೆಯರು ಕೆಲಸಕ್ಕೆ ಸೇರಿ ಮನೆ ಕಟ್ಟಿಸುತ್ತಿರುತ್ತಾರೆ, ಇಲ್ಲಿ ಫಲಿತಾಂಶ ಕೈಗೆ ಹತ್ತಿರುವುದಿಲ್ಲ, ಊರಿಗೆ ಹೋದರೆ ಓದು ಯಾವಾಗ ಮುಗಿಯುತ್ತದೆ ಎಂಬ ಪ್ರಶ್ನೆ ಕಾದಿರುತ್ತದೆ. ಈ ಹೊತ್ತಿನಲ್ಲಿ ಒಬ್ಬಂಟಿಯಾಗಿ ಕೂರಬೇಡಿ. ವಾರ್ಷಿಕ ಪರಿಶೀಲನಾ ಸಮಿತಿಯ ಮುಂದೆ ತೊಡಕನ್ನು ಮುಚ್ಚಿಡದೆ ಹೇಳಿ, ಬೇಕೆನಿಸಿದರೆ ಸಂಸ್ಥೆಯ ಆಪ್ತಸಮಾಲೋಚಕರನ್ನು ಕಾಣಿ. ಕೆಲಸದ ದಿಕ್ಕು ಬದಲಿಸುವುದಿದ್ದರೆ ಆ ವರ್ಷದಲ್ಲಿಯೇ ಬದಲಿಸಬೇಕು. ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಎರಡು ವರ್ಷದ ಹೆಚ್ಚುವರಿ ಅವಕಾಶವೂ 240 ದಿನಗಳವರೆಗಿನ ಹೆರಿಗೆ ಅಥವಾ ಶಿಶುಪಾಲನಾ ರಜೆಯೂ ಇದೆ; ಇದನ್ನು ಕೇಳಿ ಪಡೆಯಲು ಹಿಂಜರಿಯಬಾರದು.

ಪ್ರಬಂಧ ಬರೆಯುವ ಕಾಲವನ್ನು ಮುಂದಿನ ಕೆಲಸದ ಪಂಚಾಂಗಕ್ಕೆ ಹೊಂದಿಸಿಕೊಳ್ಳಿ. ವಿದೇಶದ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ) ಹುದ್ದೆಗಳ ಅರ್ಜಿಗಳು ಬಹುಪಾಲು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಮುಗಿಯುತ್ತವೆ, ಕೆಲಸ ಆರಂಭವಾಗುವುದು ಮರುವರ್ಷದ ಸೆಪ್ಟೆಂಬರ್ ಸುಮಾರಿಗೆ. ಹಾಗಾಗಿ ಮುಂದಿನ ಬೇಸಿಗೆಯಲ್ಲಿ ಪ್ರಬಂಧ ಸಲ್ಲಿಸುವ ಯೋಜನೆಯಿದ್ದರೆ, ಹಿಂದಿನ ಆಗಸ್ಟ್‌ನೊಳಗೆ ಮುಖ್ಯ ಲೇಖನಗಳು ಪತ್ರಿಕೆಗೆ ಹೋಗಿರಬೇಕು, ಶಿಫಾರಸು ಪತ್ರ ಬರೆಯುವ ಮೂವರಿಗೆ ಸೆಪ್ಟೆಂಬರ್‌ನಲ್ಲಿಯೇ ತಿಳಿಸಿರಬೇಕು. ಪರೀಕ್ಷಕರ ವರದಿಗಳು ಬಂದು ವೈವಾ ನಡೆಯಲು ತಿಂಗಳುಗಳೇ ಹಿಡಿಯುವುದರಿಂದ, ಆ ನಡುವಿನ ಅವಧಿಗೆ ಸಂಸ್ಥೆಯಲ್ಲಿ ಫೆಲೋಶಿಪ್ ಮುಂದುವರಿಯುತ್ತದೆಯೇ ಎಂದು ಸಲ್ಲಿಸುವ ಮುನ್ನವೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.