ಹೊಳಪಿಗಲ್ಲ, ವಾಲ್ವಿಗೆ ದುಡ್ಡು ಕೊಡಿ: ಹಳೆಯ ಟ್ರಂಪೆಟ್ ಆರಿಸುವ ಬಗೆ

ಕಡಿಮೆ ದುಡ್ಡಿಗೆ ಒಳ್ಳೆಯ ಟ್ರಂಪೆಟ್ ಬೇಕೆಂದಾಗ ನಾನು ಹುಡುಕುವುದು ಬಳಸಿದ್ದನ್ನೇ: ಹೆಸರಿರುವ ಕಂಪನಿಯ ವಿದ್ಯಾರ್ಥಿ ಮಾದರಿ, ಬಿ ಫ್ಲ್ಯಾಟ್ ಶ್ರುತಿಯದ್ದು. ಯಮಹಾ ವೈಟಿಆರ್-2330, ಅದಕ್ಕಿಂತ ಹಳೆಯ 2335, ಬ್ಯಾಕ್ ಟಿಆರ್300, ಯಾವುದಾದರೂ ಸರಿ. 2330ರ ಕೊಳವೆಯ ಒಳವ್ಯಾಸ 11.65 ಮಿ.ಮೀ. ಬಹಳಷ್ಟು ದುಬಾರಿ ವಾದ್ಯಗಳದ್ದೂ ಹೆಚ್ಚುಕಡಿಮೆ ಇದೇ ಅಳತೆ, ಹಾಗಾಗಿ ಮುಂದೆ ದುಬಾರಿ ವಾದ್ಯಕ್ಕೆ ಹೋದರೂ ಉಸಿರಿನ ಅಭ್ಯಾಸ ಕೆಡುವುದಿಲ್ಲ. ಮೀರತ್‌ನಲ್ಲಿ ತಯಾರಾಗುವ ವಾದ್ಯ ಅಗ್ಗ. ಆದರೆ ಒಂದರಂತೆ ಇನ್ನೊಂದಿರುವುದಿಲ್ಲ, ಊದಿ ನೋಡದೆ ಕೊಳ್ಳಬಾರದು. ಕೆಂಪು, ನೀಲಿ ಬಣ್ಣ ಬಳಿದ, ಹೆಸರೇ ಕೇಳದ ಆನ್‌ಲೈನ್ ಟ್ರಂಪೆಟ್‌ಗಳ ಗೊಡವೆ ಬೇಡ. ಬಿಡಿಭಾಗ ಸಿಗದೆ ರಿಪೇರಿಯವರೇ ಮುಟ್ಟುವುದಿಲ್ಲ.

ಕೈಗೆ ಬಂದ ಕೂಡಲೇ ನೋಡಬೇಕಾದದ್ದು ವಾಲ್ವ್, ಅಂದರೆ ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಮೂರು ಗುಂಡಿಗಳ ಭಾಗ. ಹಳೆಯ ಎಣ್ಣೆ ಒರೆಸಿ ಹೊಸದು ಹಾಕಿ, ಪಿಸ್ಟನ್ನನ್ನು (ವಾಲ್ವಿನೊಳಗೆ ಮೇಲೆ ಕೆಳಗೆ ಸರಿಯುವ ಕೊಳವೆ) ನೇರವಾಗಿ ಒತ್ತಿ, ಆಮೇಲೆ ಬೆರಳನ್ನು ತುಸು ಓರೆ ಮಾಡಿ ಒತ್ತಿ. ಓರೆಯಾಗಿ ಒತ್ತಿದಾಗ ಮಾತ್ರ ಸಿಕ್ಕಿಕೊಂಡರೆ ಕೊಳೆ ಇರಬಹುದು, ಸವೆತವೂ ಇರಬಹುದು. ತೊಳೆದು ಮತ್ತೆ ನೋಡಿ. ಪಿಸ್ಟನ್ ಕೂರುವ ಹೊರಕವಚದ, ಅಂದರೆ ಕೇಸಿಂಗ್‌ನ ಬಳಿ ನೆಗ್ಗಿದ್ದು, ಅದೇ ಜಾಗದಲ್ಲಿ ಪಿಸ್ಟನ್ ಕಚ್ಚುತ್ತಿದ್ದರೆ ಬಿಟ್ಟುಬಿಡಿ, ಆ ರಿಪೇರಿ ದುಬಾರಿ. ಪಿಸ್ಟನ್‌ಗಳನ್ನು ತಿರುಗಿ ಹಾಕುವಾಗ ಮೇಲಿನ 1, 2, 3 ಸಂಖ್ಯೆ ನೋಡಿಕೊಳ್ಳಿ. ಅದಲುಬದಲಾದರೆ ಗಾಳಿ ಹೋಗದು, ಮಾರುವವರು ‘ಕೆಟ್ಟಿದೆ’ ಎಂದು ಬೆಲೆ ಇಳಿಸಿದ ಎಷ್ಟೋ ವಾದ್ಯಗಳ ರೋಗ ಇಷ್ಟೇ!

ಸೋರಿಕೆ ತಿಳಿಯಲು ವಾಲ್ವ್ ಒತ್ತದೆ ಅದರ ಸ್ಲೈಡನ್ನು (ಹೊರಗೆ ಎಳೆಯಬಹುದಾದ ಬಾಗಿದ ಕೊಳವೆ) ತುಸು ಎಳೆದು ಕೆಲವು ಸೆಕೆಂಡು ಕಾಯಿರಿ. ಈಗ ವಾಲ್ವ್ ಒತ್ತಿದರೆ ‘ಟಪ್’ ಎಂಬ ಸದ್ದು ಬರಬೇಕು. ಮೂರೂ ಸ್ಲೈಡ್‌ಗಳಲ್ಲಿ ಹೀಗೆ ಮಾಡಿ. ಸದ್ದೇ ಬಾರದಿದ್ದರೆ ಪಿಸ್ಟನ್ ಸವೆದಿದೆ ಅಥವಾ ಸ್ಲೈಡ್ ಸಡಿಲವಾಗಿದೆ. ಅಂಥ ವಾದ್ಯದಲ್ಲಿ ಮೆಲ್ಲನೆಯ ಸ್ವರ ನಿಲ್ಲಿಸುವುದು ಕಷ್ಟ.

ಮುಂದಿನದು ಲೀಡ್‌ಪೈಪ್, ಅಂದರೆ ಬಾಯಿಗಿಡುವ ಮೌತ್‌ಪೀಸ್ ಸಿಕ್ಕಿಸುವ ಮೊದಲ ಕೊಳವೆ. ಇಡೀ ವಾದ್ಯದ ಶ್ರುತಿ ಹೊಂದಿಸುವ ಮುಖ್ಯ ಟ್ಯೂನಿಂಗ್ ಸ್ಲೈಡ್ ತೆಗೆದು ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ. ಹಸಿರು ಕಿಲುಬು ತೊಳೆದರೆ ಹೋಗುತ್ತದೆ. ಹೊರಮೈಯಲ್ಲಿ ನಡುವೆ ಕಪ್ಪು ಚುಕ್ಕೆ, ಸುತ್ತ ಗುಲಾಬಿ ಬಣ್ಣದ ಕಲೆ ಕಂಡರೆ ಹುಷಾರು: ಒಳಗಿನ ತೇವಕ್ಕೆ ಹಿತ್ತಾಳೆಯ ಸತು ಕರಗಿ ತಾಮ್ರವಷ್ಟೇ ಉಳಿದಿದೆ, ಗೋಡೆ ಒಳಗಿನಿಂದಲೇ ಟೊಳ್ಳಾಗುತ್ತಿದೆ. ಪೈಪ್ ಬದಲಿಸಬಹುದು, ಆದರೆ ವಿದ್ಯಾರ್ಥಿ ಮಾದರಿಗೆ ಆ ಖರ್ಚು ಹೊಂದುವುದಿಲ್ಲ. ಹೊರಗಿನ ಹೊಳಪಿನ ಲೇಪ ಲ್ಯಾಕರ್ ಸುಲಿದಿದ್ದರೆ, ಅಗಲ ಬಾಯಿಯಾದ ಬೆಲ್‌ನ ಅಂಚಿನಲ್ಲಿ ಸಣ್ಣ ನೆಗ್ಗು ಇದ್ದರೆ ನನಗೆ ಸಂತೋಷವೇ, ಚೌಕಾಸಿಗೆ ದಾರಿ.

ಸ್ಲೈಡ್‌ಗಳೆಲ್ಲ ಕದಲಬೇಕು. ಅದರಲ್ಲೂ ಮೂರನೆಯದು ಉಂಗುರಕ್ಕೆ ಬೆರಳಿಟ್ಟರೆ ಸರಾಗವಾಗಿ ಜಾರಬೇಕು. 1 ಮತ್ತು 3ನೇ ವಾಲ್ವ್ ಒತ್ತಿ ಊದುವ ಕೆಳಗಿನ ಡಿ, ಮೂರನ್ನೂ ಒತ್ತಿ ಊದುವ ಸಿ ಶಾರ್ಪ್ ಎರಡೂ ಏರುಶ್ರುತಿಯವು, ಸ್ಲೈಡ್ ಹೊರಗೆ ತಳ್ಳಿಯೇ ಇಳಿಸಬೇಕು. ಅಂಟಿಕೊಂಡ ಮೌತ್‌ಪೀಸನ್ನು ತಿರುಚಿ ಕೀಳಬೇಡಿ, ಬೆಸುಗೆ ಬಿಡುತ್ತದೆ. ಅದಕ್ಕೆಂದೇ ಪುಲ್ಲರ್ ಇದೆ.

ಕೊನೆಗೆ ಊದಿ, ಟ್ಯೂನರ್ ಆ್ಯಪ್ ಎ = 440ಕ್ಕೆ ಇಟ್ಟುಕೊಂಡು. ಇದು ಬಿ ಫ್ಲ್ಯಾಟ್ ವಾದ್ಯವಾದ್ದರಿಂದ ನೀವು ಸಿ ಊದಿದರೆ ಆ್ಯಪ್‌ನಲ್ಲಿ ಬಿ ಫ್ಲ್ಯಾಟ್ ಕಾಣಬೇಕು. ವಾದ್ಯ ಬೆಚ್ಚಗಾದ ಮೇಲೆ ಟ್ಯೂನಿಂಗ್ ಸ್ಲೈಡ್ ಸುಮಾರು 1 ಸೆಂ.ಮೀ. ಹೊರಗಿದ್ದಾಗ ಶ್ರುತಿ ಕೂಡಿದರೆ ಚೆನ್ನ. ಪೂರ್ತಿ ಒಳಗೆ ತಳ್ಳಿದರೂ ಇಳಿದೇ ಇದ್ದರೆ ಏರಿಸಲು ಜಾಗವೇ ಉಳಿಯದು. ಐದು ಗೆರೆಯ ಸ್ವರಲಿಪಿಯಲ್ಲಿ ನಾಲ್ಕನೇ ಮನೆಯ ಇ ಕೊಂಚ ಇಳಿದಿರುತ್ತದೆ, ಅದು ಟ್ರಂಪೆಟ್‌ನ ಸ್ವಭಾವ, ಅದಕ್ಕಾಗಿ ತಿರಸ್ಕರಿಸಬೇಡಿ. ನಿಮಗೆ ಊದಲು ಬಾರದಿದ್ದರೆ ಶಾಲೆಯ, ಪೊಲೀಸ್ ಅಥವಾ ಸೇನಾ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುವವರನ್ನು ಕರೆದುಕೊಂಡು ಹೋಗಿ.

ಮೌತ್‌ಪೀಸ್ ಮಾತ್ರ ಹೊಸದು ತೆಗೆದುಕೊಳ್ಳಿ. ಬ್ಯಾಕ್ 7ಸಿ ಅಥವಾ 5ಸಿ ಅಳತೆಯದ್ದು ಸಾಕು.