ದುಬೈ ಮದುವೆಗೆ ಊರಿಂದ ನೆಂಟರು ಹೊರಡುವ ಮುಂಚೆ

ದುಬೈಗೆ ಬಂದು ಒಂದೆರಡು ವರ್ಷ ಆಗಿದೆ. ಮನೆಯಲ್ಲಿ ಮದುವೆಯೋ ಉಪನಯನವೋ ನಿಶ್ಚಯವಾಗಿದೆ. ಶಿರಸಿ, ಕುಮಟಾ, ಕಾರವಾರದಿಂದ ಹತ್ತಿಪ್ಪತ್ತು ಜನ ಹೊರಟಿದ್ದಾರೆ. ಹೊಸಬರು ಆಗ ಹಾಲ್, ಅಡುಗೆಯವರು, ಗಾಡಿ ಅಂತ ಇಲ್ಲಿನ ಚಿಂತೆಯಲ್ಲೇ ಮುಳುಗಿಬಿಡುತ್ತಾರೆ. ಅದೆಲ್ಲ ಹೇಗೋ ಆಗುತ್ತದೆ. ಎಡವಟ್ಟಾಗುವುದು ಅಲ್ಲಿ, ಊರಲ್ಲಿ, ಚೀಲ ಕಟ್ಟುವ ಹೊತ್ತಿಗೆ.

ಮೊದಲು ಎಲ್ಲರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ಆಮೇಲೆ ಹೆಸರು ನೋಡಿ. ನಮ್ಮ ಜಿಲ್ಲೆಯಲ್ಲಿ ಹೆಗಡೆ, ಭಟ್ಟ, ನಾಯ್ಕ, ಗೌಡ ಅಂತ ಅಡ್ಡಹೆಸರಿಗೇನೂ ಬರವಿಲ್ಲ. ಆದರೆ ಕೆಲವರು ಪಾಸ್‌ಪೋರ್ಟಿನಲ್ಲಿ ಬರೀ 'ಗಣಪತಿ' ಅಂತ ಬರೆಸಿ ಕೂತಿರುತ್ತಾರೆ. 2022ರ ನವೆಂಬರ್‌ನಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲ ಎಂದಿತು. ಕೊನೆಯ ಪುಟದಲ್ಲಿ ಅಪ್ಪನ ಹೆಸರೋ ಅಡ್ಡಹೆಸರೋ ಇದ್ದರೆ ಸಾಕು ಎಂದು ಆಮೇಲೆ ಸಡಿಲ ಮಾಡಿದರು. ಅಂಥವರು ಯಾರಾದರೂ ಇದ್ದರೆ ಟಿಕೆಟ್ ತೆಗೆಯುವ ಮುಂಚೆ ವಿಮಾನದವರನ್ನೇ ಕೇಳಿಬಿಡಿ. ವೀಸಾ, ವಾಪಸ್ ಟಿಕೆಟ್, ನಿಮ್ಮ ಮನೆ ವಿಳಾಸ ಮೂರನ್ನೂ ಕಾಗದದ ಮೇಲೆ ಪ್ರಿಂಟ್ ಮಾಡಿಸಿ ಕೈಯಲ್ಲಿ ಕೊಡಿಸಿ. ಫೋನಿನಲ್ಲಿದೆ ಅಂದರೆ ದೊಡ್ಡಪ್ಪನಿಗೆ ಆ ಹೊತ್ತಿಗೆ ಸಿಗುವುದಿಲ್ಲ.

ವಿಮಾನ ಗೋವಾದಿಂದಲೋ ಮಂಗಳೂರಿನಿಂದಲೋ ಹಿಡಿಯಬೇಕು. ಹುಬ್ಬಳ್ಳಿ ಹತ್ತಿರವೇನೋ ಹೌದು, ಅಲ್ಲಿಂದ ದುಬೈಗೆ ನೇರ ವಿಮಾನ ಇಲ್ಲ. ಕಾರವಾರದವರಿಗೆ ಗೋವಾ ಸಲೀಸು. ಶಿರಸಿಯವರು ಮಂಗಳೂರಿಗೆ ಹೋಗುವುದಾದರೆ ದೇವಿಮನೆ ಘಟ್ಟ ಇಳಿದು ಹೆದ್ದಾರಿ ಸೇರಬೇಕು. ಮಳೆಗಾಲವಾದರೆ ಹಿಂದಿನ ದಿನವೇ ಹೊರಡಿಸಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾಗಿದ್ದು ಯಾರೂ ಮರೆತಿಲ್ಲ, ಅಲ್ವಾ?

ಇನ್ನು ಚೀಲ. ಗಸಗಸೆ ಬೇಡ. ಒಂದು ಚಮಚವೂ ಬೇಡ. ನಮಗೆ ಅದು ಪಾಯಸದ ಸಾಮಾನು, ಇಲ್ಲಿನ ಕಾನೂನಿಗೆ ಅಫೀಮಿನ ಗಿಡದ ಬೀಜ. ಸಿಕ್ಕಿಬಿದ್ದರೆ ಜೈಲಿನ ಮಾತು. ಇದನ್ನು ಫೋನಿನಲ್ಲಿ ಹೇಳಿದರೆ ಸಾಲದು, ವೀಡಿಯೊ ಕಾಲ್ ಮಾಡಿ ಚೀಲ ಬಿಚ್ಚಿಸಿ ನೋಡಿ. ನಮ್ಮ ಅತ್ತೆ ನಾಲ್ಕು ಸಲ 'ಇಲ್ಲ' ಅಂದವರು, ಐದನೇ ಸಲ ಸೀರೆ ಮಡಿಕೆಯೊಳಗಿಂದ ಪೇಪರ್ ಪೊಟ್ಟಣ ತೆಗೆದು ತೋರಿಸಿದರು. 'ಒಂದು ಮುಷ್ಟಿ ಇಟ್ಕಂಜಿ ಅಷ್ಟೇಯ, ಯಾರು ನೋಡ್ತ?' ಅಂದರು. ನನಗೆ ಬೆವರು ಇಳಿಯಿತು.

ಕವಳದ ಸಂಚಿಯೂ ಮನೆಯಲ್ಲೇ ಇರಲಿ. ಪಾನ್, ವೀಳ್ಯದೆಲೆ ಇಲ್ಲಿನ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿವೆ. ಎಲೆಯ ಜೊತೆ ಅಡಿಕೆಯನ್ನೂ ಬಿಟ್ಟು ಬರುವುದು ಒಳ್ಳೆಯದು. ಅಡಿಕೆ ಬೆಳೆಯುವವರಿಗೆ ಇದನ್ನು ಹೇಳುವುದು ಕಷ್ಟ, ಗೊತ್ತು. ತಾಂಬೂಲಕ್ಕೆ ಏನು ಮಾಡುವುದು ಅಂತ ಭಟ್ಟರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ನಮ್ಮ ಮನೆ ಕಾರ್ಯದಲ್ಲಿ ಹಣ್ಣು, ಕಾಯಿ ಕೊಟ್ಟು ಸುಧಾರಿಸಿದೆವು.

ಒಣ ಕೊಬ್ಬರಿಯನ್ನು ವಿಮಾನದವರೇ ಬಿಡುವುದಿಲ್ಲ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ ಲಗೇಜಿನಿಂದಲೂ ತೆಗೆಸುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ತರಬಹುದು, ಆದರೆ ಕೈಚೀಲದಲ್ಲಿ ಬೇಡ, ಲಗೇಜಿನಲ್ಲಿ. ಜೋನಿಬೆಲ್ಲವೂ (ಗಟ್ಟಿಯಾಗದ, ಸುರಿಯುವಂಥ ಬೆಲ್ಲ) ಹಾಗೇ. ದೊಡ್ಡಮ್ಮ ಒಮ್ಮೆ ಅದನ್ನು ಹಳೇ ಗಾಜಿನ ಬಾಟಲಿಗೆ ತುಂಬಿ, ಒಂದೇ ಪ್ಲಾಸ್ಟಿಕ್ ಕೊಟ್ಟೆ ಸುತ್ತಿ ತಂದರು. ಮುಚ್ಚಳ ಸಡಿಲಾಗಿ ಮದುವೆಗೆ ಉಡಬೇಕಿದ್ದ ರೇಷ್ಮೆ ಸೀರೆಯ ಸೆರಗು ಅಂಟಂಟಾಗಿ, ಬಿಡಿಸಿದರೆ ತೊಡದೇವಿನ ಹಾಗೆ ಪದರ ಪದರ ಏಳುತ್ತಿತ್ತು. ಬಾಟಲಿ ಪೂರ್ತಿ ತುಂಬಬೇಡಿ, ಬಾಯಿಗೆ ಟೇಪ್ ಸುತ್ತಿ, ಮೂರು ಕೊಟ್ಟೆ ಹಾಕಿ.

ಔಷಧಿ ವಿಷಯದಲ್ಲಿ ತಮಾಷೆ ಇಲ್ಲ. ಬಿಪಿ, ಶುಗರ್ ಮಾತ್ರೆಗೆ ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಚೀಟಿ ಸಾಕು, ಮಾತ್ರೆಗಳು ಸ್ಟ್ರಿಪ್ಪಿನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಔಷಧಿ, ನಿದ್ದೆ ಮಾತ್ರೆ ಇದ್ದರೆ ಮಾತ್ರ ಇಲ್ಲಿನ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ತೆಗೆಸಬೇಕು. ಆ ಕೆಲಸ ನೀವೇ ಮಾಡಿ.

ಮದುವೆ ಅಂದಮೇಲೆ ಚಿನ್ನ ಹಾಕಿಕೊಂಡೇ ಬರುತ್ತಾರೆ. ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ, ವಾಪಸ್ ಹೋದಾಗ 'ಇದು ನಮ್ಮದೇ' ಅಂತ ವಾದ ಮಾಡಬೇಕಾಗಿಲ್ಲ. ಇಲ್ಲಿ ಕೊಂಡ ಚಿನ್ನದ ಲೆಕ್ಕ ಬೇರೆ. ಸುಂಕವಿಲ್ಲದೆ ಒಡವೆ ಒಯ್ಯುವ ರಿಯಾಯಿತಿ ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಮರಳುವವರಿಗೆ ಮಾತ್ರ. ವಾರಕ್ಕೆ ಬಂದ ಅತ್ತಿಗೆಗೆ ಅದು ಸಿಗುವುದಿಲ್ಲ. ಗೋಲ್ಡ್ ಸೂಕ್‌ಗೆ ಕರೆದುಕೊಂಡು ಹೋಗುವ ಮೊದಲೇ ಹೇಳಿ, ಬಳೆ ಕೈಗೆ ಏರಿದ ಮೇಲಲ್ಲ.

ಇಲ್ಲಿಗೆ ಬಂದ ಮೇಲೆ ಹೇಳುವುದು ಕಡಿಮೆ. ಹೊರಗೆ ಸೆಕೆ, ಹಾಲ್ ಒಳಗೆ ಏಸಿಯ ಚಳಿ, ವಯಸ್ಸಾದವರಿಗೆ ಒಂದು ಶಾಲು ಇರಲಿ. ಮೆಟ್ರೊದಲ್ಲಿ ಚಕ್ಕುಲಿ ಡಬ್ಬಿ ತೆರೆಯಬಾರದು, ದಂಡ 100 ದಿರಹಂ. ಗುರುತಿಲ್ಲದವರ, ಅದರಲ್ಲೂ ಹೆಂಗಸರ ಫೋಟೊ ತೆಗೆಯಬಾರದು.

ಮತ್ತೆ ಗಡಿಯಾರ. ದುಬೈ ನಮ್ಮೂರಿಗಿಂತ ಒಂದೂವರೆ ಗಂಟೆ ಹಿಂದೆ. ಫೋನ್ ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ನಮ್ಮ ಮಾವ ಹತ್ತೂವರೆ ಮುಹೂರ್ತಕ್ಕೆ ಶಿರಸಿ ಟೈಮಿನಲ್ಲೇ ಟ್ಯಾಕ್ಸಿ ಹಿಡಿದು ಹಾಲ್‌ಗೆ ಹೋಗಿದ್ದರು. ಒಂಬತ್ತು ಗಂಟೆಗೆ ನನಗೆ ಫೋನ್: 'ಮದುವೆ ಮುಗೀತನೋ, ಯಾರೂ ಕಾಣ್ತ್ವಿಲ್ಲೆ!'